ಗುಂಡಿ ಒತ್ತಿದರೆ ‘ಟಿಕ್’ ಎಂಬ ಸದ್ದು ಮಾತ್ರ

ಕೃಷಿ ಪುಟದಲ್ಲಿ ಮೋಟಾರು ಸೈಕಲ್ಲಿನ ಪುರಾಣವೇಕೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ನಮ್ಮ ಕಾಸರಗೋಡಿನ ಕಡೆಯ ಗುಡ್ಡ-ಕಣಿವೆಗಳ ನಡುವೆ ಈಗ ಎತ್ತು ಇಲ್ಲದ ಮನೆಗಳು ಬೇಕಾದಷ್ಟು ಉಂಟು. ಬೈಕು ಇಲ್ಲದ ಮನೆ ಹುಡುಕಿದರೆ ಸಿಗುವುದು ಕಷ್ಟ. ಹಾಲು ಸೊಸೈಟಿಗೆ ಹೋಗುವುದು ಅದರ ಮೇಲೆ, ಹಿಂಡಿಯ ಗೋಣಿ ಬರುವುದು ಅದರ ಮೇಲೆ, ಪಂಪು ಕೆಟ್ಟರೆ ಪೇಟೆಗೆ ಓಡುವುದೂ ಅದರ ಮೇಲೆಯೇ. ಆದುದರಿಂದ ಹಾರೆ-ಪಿಕಾಸಿಗಳ ಸಾಲಿನಲ್ಲಿ ಅದನ್ನೂ ಒಂದು ಉಪಕರಣವೆಂದು ಎಣಿಸಿ ನಾಲ್ಕು ಮಾತು ಬರೆಯುವುದು ತಪ್ಪಾಗಲಾರದು.

ಕಳೆದ ಮಳೆಗಾಲದಲ್ಲಿ ಅಡಿಕೆಗೆ ಎರಡನೆಯ ಸಲ ಮದ್ದು ಬಿಡುವ ಹೊತ್ತಿನ ಸಂಗತಿಯಿದು. ಮಳೆ ಹಿಡಿಯುವ ಮುನ್ನ ಒಂದು ಸಲ, ಆ ಮೇಲೆ ನಲುವತ್ತು-ನಲುವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಗೊನೆಯನ್ನು ಬಿಡುವುದಿಲ್ಲವೆಂಬುದು ನಮಗೆಲ್ಲ ತಿಳಿದದ್ದೇ. ಮರ ಹತ್ತುವ ಜನ ಸಿಗುವುದು ಕಷ್ಟ. ಅವರು ಸಿಕ್ಕಿದ ದಿನವೇ ಬಿಸಿಲೂ ಸಿಗುವುದು ಮತ್ತಷ್ಟು ಕಷ್ಟ. ಆ ದಿನ ಎರಡೂ ಒಟ್ಟಿಗೆ ಸಿಕ್ಕಿದ್ದುವು. ಬೆಳಗ್ಗೆ ಎಂಟು ಗಂಟೆಗೆ ಡ್ರಮ್ಮಿಗೆ ನೀರು ತುಂಬಿಸಿ ನೋಡುವಾಗ ಮೈಲುತುತ್ತು ಸಾಲದು. ಬದಿಯಡ್ಕ ಪೇಟೆಗೆ ಹೋಗಿ ಬಂದರೆ ಮುಕ್ಕಾಲು ಗಂಟೆಯ ಕೆಲಸ. ಬೈಕಿನ ಕೀಲಿ ತಿರುಗಿಸಿದೆ, ದೀಪ ಬಂತು. ಹಾರ್ನು ಒತ್ತಿದೆ, ಅಂಗಳದ ನಾಯಿ ಎದ್ದು ಓಡುವಷ್ಟು ಗಟ್ಟಿಯಾಗಿ ಕೂಗಿತು. ಸ್ಟಾರ್ಟರಿನ ಗುಂಡಿ ಒತ್ತಿದರೆ ಮಾತ್ರ ‘ಟಿಕ್’ ಎಂಬ ಒಂದೇ ಸದ್ದು. ಅದರಿಂದಾಚೆಗೆ ಮೌನ.

ಇದು ಮೊದಲ ಸಲವಲ್ಲ. ಮೂರು ವಾರ ಹಿಂದೆಯೂ ಹೀಗೆಯೇ ಆಗಿತ್ತು. ನನ್ನದು 2018ರಲ್ಲಿ ಕೊಂಡ 150 ಸಿಸಿಯ ಬೈಕು. ಕಾಲಿನಿಂದ ಒದ್ದು ಹೊರಡಿಸುವ ಕಿಕ್ಕರು ಅದಕ್ಕಿಲ್ಲ. ಒಂದು ವಾರ ಮನೆಯೆದುರಿನ ಇಳಿಜಾರಿನಲ್ಲಿ ಉರುಳಿಸಿ, ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಹೇಗೋ ಸುಧಾರಿಸಿದೆ. ಆ ಮೇಲೆ ಪೇಟೆಯ ಒಂದು ವರ್ಕ್‌ಶಾಪಿಗೆ ಕೊಂಡುಹೋದಾಗ ಅಲ್ಲಿಯವರು ಹೆಚ್ಚು ನೋಡಲಿಲ್ಲ. ‘ಬ್ಯಾಟರಿ ಹೋಗಿದೆ’ ಎಂದರು. ಒಂದೂವರೆ ಸಾವಿರ ರೂಪಾಯಿಗೆ ಹೊಸ ಬ್ಯಾಟರಿ ಕೂತಿತು, ಬೈಕು ಹೊರಟಿತು. ಹತ್ತು ದಿನ ಚೆನ್ನಾಗಿ ಓಡಿ, ಮದ್ದು ಬಿಡುವ ದಿನವೇ ಪುನಃ ಕೈಕೊಟ್ಟಿತು. ಅಂದು ಅಂಗಳದ ತುಂಬ ಡ್ರಮ್ಮು, ಪೈಪು, ಪಂಪುಗಳಿದ್ದುದರಿಂದ ಇಳಿಜಾರಿನ ಉಪಾಯವೂ ನಡೆಯಲಿಲ್ಲ. ಬಸ್ಸಿನಲ್ಲಿ ಹೋಗಿ ಬರುವಾಗ ಹನ್ನೊಂದೂವರೆ, ಹನ್ನೆರಡಕ್ಕೆ ಮಳೆ. ಮರ ಹತ್ತುವವರು ಬೇರೆ ಕಡೆ ಮಾತು ಕೊಟ್ಟಿದ್ದರಿಂದ ಮತ್ತೆ ಬಂದದ್ದು ಒಂಬತ್ತು ದಿನಗಳ ಅನಂತರ. ಅಷ್ಟರಲ್ಲಿ ಕೆಳಗಿನ ತೋಟದ ಎರಡು ಸಾಲಿನಲ್ಲಿ ಎಳೆಕಾಯಿ ಉದುರಲು ತೊಡಗಿತ್ತು. ಬೈಕಿನ ರೋಗಕ್ಕೂ ಕೊಳೆರೋಗಕ್ಕೂ ಸಂಬಂಧವೇನೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ವರ್ಕ್‌ಶಾಪಿಗೆ ಫೋನು ಮಾಡಿದಾಗ ಈ ಸಲ ಬಂದ ತೀರ್ಪು: ‘ಹಾಗಾದರೆ ಸ್ಟಾರ್ಟರು ಮೋಟಾರೇ ಹೋಗಿರಬೇಕು, ಸೆಟ್ಟು ಬದಲಿಸಬೇಕು.’ ಬ್ಯಾಟರಿಗೆ ಕೊಟ್ಟ ಹಣದ ಇಮ್ಮಡಿ ಮೊತ್ತ. ಕೊಡಲು ನಾನು ಹೊರಟೂ ಇದ್ದೆ. ಪುಣ್ಯಕ್ಕೆ ಮರುದಿನ ನಮ್ಮ ಪಂಪು ರಿಪೇರಿಯ ಮೇಸ್ತ್ರಿ ಬೇರೆ ಕೆಲಸಕ್ಕೆಂದು ಬಂದವರು ಬೈಕಿನ ಕಥೆ ಕೇಳಿ ಚೀಲದಿಂದ ಮಲ್ಟಿಮೀಟರು ತೆಗೆದರು.

“ಮಾಷ್ಟ್ರೇ, ಮೋಟಾರು ಬಿಚ್ಚುವುದು ಆ ಮೇಲೆ. ಮೊದಲು ನೀವು ಗುಂಡಿ ಒತ್ತಿ, ನಾನು ಮುಳ್ಳು ಹಿಡಿಯುತ್ತೇನೆ,” ಎಂದರು.

ಬ್ಯಾಟರಿಯ ಎರಡು ಕಂಬಗಳಿಗೆ ಮೀಟರಿನ ಮುಳ್ಳು ತಾಗಿಸಿದರು: 12.7 ವೋಲ್ಟು. ಗುಂಡಿ ಒತ್ತಿದೆ, ‘ಟಿಕ್’. ಮೀಟರು 12ಕ್ಕೆ ಇಳಿದು ಅಲ್ಲೇ ನಿಂತಿತು.

“ಬ್ಯಾಟರಿ ಹೊಸತಲ್ಲವೋ, ಅದು ಸರಿ ಇರಲೇಬೇಕಲ್ಲ,” ಎಂದೆ.

“ಸರಿ ಉಂಟು. ಅದೇ ನನಗೆ ಸಂಶಯ. ಮೋಟಾರು ಬಿಗಿ ಹಿಡಿದು ಎಳೀತಾ ಇದ್ರೆ ಬ್ಯಾಟರಿ ದೊಪ್ಪ ಅಂತ ಕೆಳಗೆ ಬೀಳ್ಬೇಕಿತ್ತು. ಇದು ಬೀಳ್ಲೇ ಇಲ್ಲ. ಟ್ಯಾಂಕಿಯಲ್ಲಿ ನೀರು ಉಂಟು, ಗೇಟುವಾಲ್ವು ತೆರೆದದ್ದೂ ಉಂಟು, ಆದ್ರೂ ಟ್ಯಾಂಕಿ ಇಳೀಲಿಲ್ಲ ಅಂತಾದ್ರೆ ಏನು ಅರ್ಥ? ಪೈಪು ಎಲ್ಲಿಯೋ ಕಟ್ಟಿದೆ.”

ಆ ಮೇಲೆ ಅವರು ಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಕೆಂಪು ಮುಳ್ಳನ್ನು ಇಂಜಿನಿನ ಬರಿಯ ಲೋಹದ ಮೈಗೂ ಒತ್ತಿ ಹಿಡಿದು, “ಒತ್ತಿ” ಎಂದರು. ಒತ್ತಿದೆ. ಮೀಟರಿನಲ್ಲಿ 8 ವೋಲ್ಟಿಗೂ ಮೇಲೆ ಬಂತು! ಬ್ಯಾಟರಿಯ ಮೈನಸ್ ಕಂಬಕ್ಕೂ ಇಂಜಿನಿನ ಮೈಗೂ ನಡುವೆ ಇರುವುದು ಒಂದೇ ಒಂದು ದಪ್ಪ ತಂತಿ. ಅದು ಸರಿಯಿದ್ದರೆ ಅವೆರಡರ ಅಂತರ 0.2 ಯಾ 0.3 ವೋಲ್ಟು ಮೀರಕೂಡದು. ಅಂದರೆ ಬ್ಯಾಟರಿ ಕೊಟ್ಟ ಹನ್ನೆರಡರಲ್ಲಿ ಎಂಟು ವೋಲ್ಟು ಮೋಟಾರಿಗೆ ಸಲ್ಲದೆ, ಹಿಂದಿರುಗುವ ದಾರಿಯಲ್ಲೇ ಪೋಲಾಗುತ್ತಿತ್ತು.

ಮೇಸ್ತ್ರಿ ಮತ್ತೊಂದು ಸಾಕ್ಷಿಯನ್ನೂ ಕೇಳದೆ ಬಿಡಲಿಲ್ಲ. ಪಂಪಿನ ದಪ್ಪ ಕೇಬಲಿನ ತುಂಡೊಂದನ್ನು ತೆಗೆದು ಒಂದು ತುದಿಯನ್ನು ಮೈನಸ್ ಕಂಬಕ್ಕೆ, ಇನ್ನೊಂದನ್ನು ಇಂಜಿನಿನ ಒಂದು ಬೋಲ್ಟಿಗೆ ಒತ್ತಿ ಹಿಡಿದರು. ಗುಂಡಿ ಮುಟ್ಟಿದ್ದೇ ತಡ, ಇಂಜಿನು ಗುರ್ರೆಂದು ಹೊರಟಿತು. ಬ್ಯಾಟರಿ ನಿರಪರಾಧಿ, ಸ್ಟಾರ್ಟರು ಮೋಟಾರೂ ನಿರಪರಾಧಿ.

ಹಾರ್ನು ಏಕೆ ಕೂಗಿತು?

ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಇದು. ದಾರಿ ಕಟ್ಟಿದ್ದರೆ ಹಾರ್ನು, ದೀಪ ಹೇಗೆ ಸರಿಯಿದ್ದುವು? ಇದರ ಉತ್ತರ ತಿಳಿದರೆ ಸ್ಟಾರ್ಟರಿನ ಅರ್ಧ ವಿದ್ಯೆ ತಿಳಿದಂತೆ.

ನನ್ನ ಬೈಕಿನಲ್ಲಿ ಹಾರ್ನು-ದೀಪಗಳ ಸಪೂರ ಅರ್ತ್ ತಂತಿ ಬ್ಯಾಟರಿಯ ಕಂಬದಿಂದಲೇ ಬೇರೆಯಾಗಿ ಹೊರಡುತ್ತದೆ. ಕೆಟ್ಟ ದಾರಿಯನ್ನು ಅದು ತುಳಿಯುವುದೇ ಇಲ್ಲ. ಆದರೆ ಒಂದೇ ದಾರಿಯಿದ್ದರೂ ಹಾರ್ನು ಕೂಗುತ್ತಿತ್ತು. ಹೇಗೆಂದರೆ, ತುಕ್ಕು ಹಿಡಿದ ಕೊಂಡಿಯೊಂದರಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಪಾಲು, ಅಂದರೆ 0.05 ಓಮಿನಷ್ಟು ತಡೆ ಹುಟ್ಟಿಕೊಂಡಿತೆನ್ನಿ. ಹಾರ್ನಿಗೆ ಬೇಕಾದದ್ದು ಮೂರು ಆಂಪಿಯರಿನೊಳಗಿನ ಪ್ರವಾಹ, ಮೂರನ್ನು 0.05ರಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವುದು 0.15 ವೋಲ್ಟು. ಹಾರ್ನಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಟಾರ್ಟರು ಮೋಟಾರು ಇಂಜಿನನ್ನು ತಿರುಗಿಸುವಾಗ ಎಳೆಯುವುದು ಐವತ್ತು-ಅರುವತ್ತು ಆಂಪಿಯರು. ಅರುವತ್ತಕ್ಕೆ ಅದೇ ಲೆಕ್ಕ ಹಾಕಿ: 3 ವೋಲ್ಟು. ಹನ್ನೆರಡರಲ್ಲಿ ಮೂರು ಹೋದರೆ ಮೋಟಾರು ನರಳುತ್ತದೆ. ಇನ್ನಷ್ಟು ಹೋದರೆ ನಿಲ್ಲುತ್ತದೆ. ಗೋಡೆಯ ಬದಿಯ ನಳ್ಳಿಯಲ್ಲಿ ಕೈ ತೊಳೆಯಲು ನೀರು ಬರುತ್ತದೆಂದ ಮಾತ್ರಕ್ಕೆ ಅದೇ ಪೈಪಿನಿಂದ ತೋಟಕ್ಕೆ ನೀರು ಹಾಯಿಸಬಹುದೆಂದು ನಾವು ನಂಬುತ್ತೇವೆಯೇ? ಹಾರ್ನು ಒತ್ತಿ ಬ್ಯಾಟರಿಯನ್ನೂ ತಂತಿಯನ್ನೂ ಪರೀಕ್ಷಿಸುವುದು ಅಂತಹ ನಂಬಿಕೆಯೇ.

ಒಟ್ಟು ಏರ್ಪಾಡು ಹೀಗಿದೆ. ಹ್ಯಾಂಡಲಿನ ಗುಂಡಿ ದೊಡ್ಡ ಪ್ರವಾಹವನ್ನು ಮುಟ್ಟುವುದೇ ಇಲ್ಲ. ಅದು ರಿಲೇ ಎಂಬ ಸಣ್ಣ ಡಬ್ಬಿಯೊಳಗಿನ ಸುರುಳಿಗೆ ಅಲ್ಪ ಪ್ರವಾಹ ಕಳುಹಿಸುತ್ತದೆ. ಸುರುಳಿ ಅಯಸ್ಕಾಂತವಾಗಿ ಒಳಗಿನ ತಾಮ್ರದ ತುಂಡನ್ನು ಎಳೆದು ಎರಡು ದಪ್ಪ ತಂತಿಗಳನ್ನು ಕೂಡಿಸುತ್ತದೆ. ನಾವು ಕೇಳುವ ‘ಟಿಕ್’ ಇದರದ್ದು. ಪಂಪ್‌ಸೆಟ್ಟಿನ ಸ್ಟಾರ್ಟರು ಪೆಟ್ಟಿಗೆಯ ಪಚ್ಚೆ ಗುಂಡಿಯ ಕೆಲಸವೂ ಇದೇ ರೀತಿಯದು. ಅಲ್ಲಿಂದ ಪ್ರವಾಹ ಮೋಟಾರಿಗೆ, ಮೋಟಾರಿನ ಮೈಯಿಂದ ಇಂಜಿನಿಗೆ, ಇಂಜಿನಿಂದ ಅರ್ತ್ ತಂತಿಯ ಮೂಲಕ ತಿರುಗಿ ಬ್ಯಾಟರಿಗೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿ ಯಾರಿಗೂ ನೆನಪಾಗುವುದಿಲ್ಲ.

ಈ ವಿದ್ಯುತ್ ಸ್ಟಾರ್ಟರು ಹೊಸ ಕಲ್ಪನೆಯೇನೂ ಅಲ್ಲ. ಕೈಯಿಂದ ಹಿಡಿಕೆ ತಿರುಗಿಸಿ ಕಾರು ಹೊರಡಿಸುವಾಗ ಅದು ಹಿಂದೆ ಒದ್ದು ಮಣಿಕಟ್ಟು ಮುರಿಯುತ್ತಿದ್ದ ಕಾಲದಲ್ಲಿ ಅಮೇರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನ ಗುಂಡಿ ಅನೇಕರಿಗೆ ನೆನಪಿರಬಹುದು. ಆಗ ಗುಂಡಿ ಕೈಕೊಟ್ಟರೆ ಕಾಲು ಇತ್ತು. ಈಗ ಕಿಕ್ಕರೇ ಇಲ್ಲದ ಬೈಕುಗಳು ಬಂದ ಮೇಲೆ ಇದು ಕೇವಲ ಅನುಕೂಲದ ಮಾತಾಗಿ ಉಳಿದಿಲ್ಲ.

ಸದ್ದಿನಿಂದ ರೋಗ ತಿಳಿಯುವುದು

ಮೀಟರು ಕೈಯಲ್ಲಿಲ್ಲದಿದ್ದರೆ ಕಿವಿಯಾದರೂ ಉಂಟಷ್ಟೆ. ಗುಂಡಿ ಒತ್ತಿದಾಗ ಹೊರಡುವ ಸದ್ದು ಬಹಳ ಮಟ್ಟಿಗೆ ರೋಗದ ಹೆಸರನ್ನೇ ಹೇಳುತ್ತದೆ.

ಕೀಲಿ ತಿರುಗಿಸಿದರೂ ದೀಪವಿಲ್ಲ, ಹಾರ್ನಿಲ್ಲ, ಏನೂ ಇಲ್ಲವೆಂದಾದರೆ ಮೊದಲು ಫ್ಯೂಸು, ಆ ಮೇಲೆ ಬ್ಯಾಟರಿಯ ಕಂಬದ ತಿರುಪು ನೋಡತಕ್ಕದ್ದು. ಫ್ಯೂಸು ಸುಟ್ಟಿದ್ದರೆ ಅದೇ ಅಳತೆಯದನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತಿ ಕೂಡಿಸುವ ನಮ್ಮೂರ ಚಾಳಿಯಿಂದ ತಂತಿಯ ಕಟ್ಟೇ ಉರಿದುಹೋಗುವುದುಂಟು.

ದೀಪ ಉಂಟು, ಆದರೆ ‘ಟಿಕ್’ ಕೂಡ ಇಲ್ಲವಾದರೆ ಪ್ರವಾಹ ರಿಲೇಯ ಸುರುಳಿಯನ್ನೇ ಮುಟ್ಟಿಲ್ಲ. ಹ್ಯಾಂಡಲಿನ ಕೆಂಪು ಸ್ವಿಚ್ಚು ‘ಆಫ್’ ಆಗಿದೆಯೇ ನೋಡಿ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಇದನ್ನು ಎರಡು ಸಲ ನೋಡಿ. ಗೇರು ನ್ಯೂಟ್ರಲಿನಲ್ಲಿದೆಯೇ, ಕ್ಲಚ್ ಪೂರ್ತಿ ಹಿಡಿದಿದ್ದೀರಾ, ಬದಿಯ ಸ್ಟ್ಯಾಂಡು ಮೇಲೆ ಮಡಚಿದೆಯೇ? ಹೊಸ ಬೈಕುಗಳಲ್ಲಿ ಇವಕ್ಕೆಲ್ಲ ಒಂದೊಂದು ಸಣ್ಣ ಸ್ವಿಚ್ಚು ಉಂಟು. ಅವುಗಳಲ್ಲಿ ಒಂದು ಒಪ್ಪದಿದ್ದರೂ ಸ್ಟಾರ್ಟರು ತಿರುಗದಿರಬಹುದು. ತೋಟದ ಕೆಸರಿನಲ್ಲಿ ಓಡಾಡುವ ಬೈಕಿನ ಸ್ಟ್ಯಾಂಡಿನ ಸ್ವಿಚ್ಚಿಗೆ ಮಣ್ಣು ಮೆತ್ತಿ ಒಣಗಿ, ಸ್ಟ್ಯಾಂಡು ಮಡಚಿದರೂ ಮಡಚಿಲ್ಲವೆಂದೇ ಅದು ಹಟ ಹಿಡಿಯುತ್ತದೆ. ನೀರೆರೆದು ಬ್ರಷ್ಷಿನಿಂದ ತಿಕ್ಕಿದರೆ ಎಷ್ಟೋ ಸಲ ಅಲ್ಲಿಗೇ ರಿಪೇರಿ ಮುಗಿಯುತ್ತದೆ.

‘ಟಿಕ್-ಟಿಕ್-ಟಿಕ್-ಟಿಕ್’ ಎಂದು ಹಲ್ಲಿಯ ಹಾಗೆ ಒಂದೇ ಸವನೆ ಲೊಚಗುಟ್ಟಿ ದೀಪವೂ ಮಂಕಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ಕಂಬ ಸಡಿಲವಾಗಿದೆ. ರಿಲೇ ಕೂಡಿಸಿದ ಕೂಡಲೆ ವೋಲ್ಟು ಕುಸಿದು ರಿಲೇಯೇ ಕೈಬಿಡುತ್ತದೆ. ಕೈಬಿಟ್ಟ ಕೂಡಲೆ ವೋಲ್ಟು ಏರಿ ಪುನಃ ಕೂಡಿಸುತ್ತದೆ. ಅದರ ಸದ್ದೇ ಇದು. ಒಂದೇ ‘ಟಿಕ್’ ಆಗಿ ದೀಪ ಮಂಕಾಗದಿದ್ದರೆ ನನ್ನ ಬೈಕಿನ ಕಥೆ: ಅರ್ತ್ ತಂತಿ, ದಪ್ಪ ತಂತಿಯ ಕೊಂಡಿ, ರಿಲೇಯೊಳಗಿನ ಸುಟ್ಟ ತಾಮ್ರ, ಯಾ ಮೋಟಾರಿನ ಕಾರ್ಬನ್ ಬ್ರಷ್ಷು, ಈ ನಾಲ್ಕರಲ್ಲಿ ಒಂದು.

ಮೋಟಾರು ‘ವ್ಹೀ’ ಎಂದು ಹಗುರಾಗಿ ತಿರುಗುವುದು ಕೇಳುತ್ತದೆ, ಇಂಜಿನು ಮಾತ್ರ ಅಲುಗುವುದಿಲ್ಲವೆಂದಾದರೆ ವಿದ್ಯುತ್ತಿನ ಕಡೆ ತಪ್ಪಿಲ್ಲ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚೊಂದು ಮೋಟಾರಿಗೂ ಇಂಜಿನಿಗೂ ನಡುವೆ ಉಂಟು, ಅದು ಜಾರುತ್ತಿದೆ. ಇದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಇಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರನ್ನು ಬೈಯುವುದೇ ಅನ್ಯಾಯ. ಅದು ತನ್ನ ಕೆಲಸ ಮಾಡಿದೆ. ಪೆಟ್ರೋಲನ್ನೂ ಪ್ಲಗ್ಗನ್ನೂ ನೋಡಬೇಕು. ಗುಂಡಿ ಬಿಟ್ಟ ಮೇಲೂ ಮೋಟಾರು ತಿರುಗುತ್ತಲೇ ಇದ್ದರೆ ಮಾತ್ರ ಹೆದರಬೇಕಾದ್ದು ಹೌದು. ರಿಲೇಯ ತಾಮ್ರ ಬೆಸೆದುಹೋಗಿದೆ. ಕೀಲಿ ತೆಗೆದರೂ ಅದು ನಿಲ್ಲಲಾರದು. ಕೂಡಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು.

ಯಾವ ಸದ್ದೇ ಇರಲಿ, ಒಂದೇ ಉಸಿರಿಗೆ ಐದು ಸೆಕೆಂಡಿಗಿಂತ ಹೆಚ್ಚು ಗುಂಡಿ ಒತ್ತಕೂಡದು. ಹತ್ತು-ಹದಿನೈದು ಸೆಕೆಂಡು ಬಿಟ್ಟು ಮತ್ತೆ ಒತ್ತಿರಿ. ಸಿಟ್ಟಿನಿಂದ ಒತ್ತಿ ಹಿಡಿದವರ ಮೋಟಾರೂ ಬ್ಯಾಟರಿಯೂ ಒಟ್ಟಿಗೆ ಕೆಡುತ್ತವೆ.

ಅಳೆಯುವ ಕ್ರಮ

ಮಲ್ಟಿಮೀಟರು ಈಗ ಒಂದು ಒಳ್ಳೆಯ ಕತ್ತಿಗಿಂತ ಅಗ್ಗ. ನೇರ ಪ್ರವಾಹದ 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ ಇಟ್ಟುಕೊಂಡರೆ ಈ ಕೆಲಸಕ್ಕೆ ಬೇರೇನೂ ಬೇಡ. ಅದನ್ನು ಆಂಪಿಯರಿನ ಸ್ಥಾನದಲ್ಲಿಟ್ಟು ಸ್ಟಾರ್ಟರಿನ ಪ್ರವಾಹ ಅಳೆಯಲು ಮಾತ್ರ ಹೋಗಬೇಡಿ; ಹತ್ತು ಆಂಪಿಯರಿನ ಮೀಟರಿಗೆ ಐವತ್ತು ಹರಿಸಿದರೆ ಆಗುವುದು ಊಹಿಸಬಹುದು.

ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ ಬೆಳಗ್ಗೆ 12.6ರಿಂದ 12.8 ತೋರಿಸಿದರೆ ಹೊಟ್ಟೆ ತುಂಬಿದೆಯೆಂದು ಅರ್ಥ. 12.2 ಎಂದರೆ ಸುಮಾರು ಅರ್ಧ. ಹನ್ನೆರಡರ ಕೆಳಗಿದ್ದರೆ ಮೊದಲು ಚಾರ್ಜು ಮಾಡಿಸಿ, ಆ ಮೇಲೆ ಮಾತಾಡಿ. ಗುಂಡಿ ಒತ್ತಿ ಇಂಜಿನು ತಿರುಗುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳಬಾರದು. ನಿಂತಾಗ 12.6 ತೋರಿಸಿ, ಒತ್ತಿದ ಕೂಡಲೆ ಏಳಕ್ಕೋ ಆರಕ್ಕೋ ಕುಸಿಯುವ ಬ್ಯಾಟರಿಗೆ ಆಯುಷ್ಯ ತೀರಿದೆ. ಹೊಸತು ಕೊಳ್ಳಲು ಇದೇ ನ್ಯಾಯವಾದ ಕಾರಣ. ಒತ್ತಿದರೂ ಹನ್ನೆರಡರ ಹತ್ತಿರವೇ ನಿಂತು ಮೋಟಾರು ತಿರುಗದಿದ್ದರೆ ದಾರಿ ಕಟ್ಟಿದೆ. ಇಷ್ಟು ತಿಳಿಯಲು ಅರ್ಧ ನಿಮಿಷ ಸಾಕು. ಈ ಅರ್ಧ ನಿಮಿಷವನ್ನು ಯಾರೂ ವ್ಯಯಿಸದೆ ಹೋದದ್ದರಿಂದ ನನ್ನ ಹಳೆಯ ಬ್ಯಾಟರಿ ಗುಜರಿಗೆ ಹೋಯಿತು.

ಕಟ್ಟಿದ್ದು ಎಲ್ಲಿ ಎಂದು ನೋಡಲು ಗುಂಡಿ ಒತ್ತಿ ಹಿಡಿದೇ ಒಂದೊಂದು ತುಂಡನ್ನು ಅಳೆಯಬೇಕು. ಮೊದಲನೆಯದು ಮೇಸ್ತ್ರಿ ಮಾಡಿದ್ದು: ಮೈನಸ್ ಕಂಬದಿಂದ ಇಂಜಿನಿನ ಮೈಗೆ. ಎರಡನೆಯದು ರಿಲೇಯ ಎರಡು ದಪ್ಪ ತಿರುಪುಗಳ ನಡುವೆ. ಒತ್ತದಿರುವಾಗ ಅಲ್ಲಿ ಹನ್ನೆರಡು ವೋಲ್ಟು ಇರುವುದು ಸರಿಯೇ. ಒತ್ತಿದಾಗ ಅದು ಸೊನ್ನೆಯ ಹತ್ತಿರಕ್ಕೆ ಬರಬೇಕು. ‘ಟಿಕ್’ ಕೇಳಿಯೂ ಹನ್ನೆರಡೇ ಉಳಿದರೆ ಒಳಗಿನ ತಾಮ್ರ ಸುಟ್ಟಿದೆ, ರಿಲೇ ಬದಲಿಸಬೇಕು. ಮೂರನೆಯದು ಮೋಟಾರಿನ ದಪ್ಪ ತಿರುಪಿನಿಂದ ಅದರದ್ದೇ ಮೈಗೆ. ಅಲ್ಲಿ ಹತ್ತು ವೋಲ್ಟಿಗೆ ಮೇಲೆ ಬಂದೂ ಮೋಟಾರು ಸುಮ್ಮನಿದ್ದರೆ ಆಗ, ಆಗ ಮಾತ್ರ, ಮೋಟಾರನ್ನು ಸಂಶಯಿಸಬಹುದು. ರಿಲೇಯ ಎರಡು ತಿರುಪುಗಳ ಮೇಲೆ ತಿರುಪುಳಿ ಅಡ್ಡ ಇಟ್ಟು ಕಿಡಿ ಹಾರಿಸಿ ನೋಡುವುದು ರೂಢಿಯಲ್ಲಿದೆ. ಕಾರ್ಬುರೇಟರಿನಿಂದ ಪೆಟ್ರೋಲು ಸೋರುವ, ಬ್ಯಾಟರಿಯಿಂದ ಜಲಜನಕ ಹೊರಡುವ ಜಾಗದಲ್ಲಿ ಅದು ಒಳ್ಳೆಯ ಅಭ್ಯಾಸವಲ್ಲ. ಗೇರಿನಲ್ಲಿದ್ದರೆ ಬೈಕು ಮುಂದಕ್ಕೆ ಹಾರುವುದೂ ಉಂಟು.

ಇನ್ನು ನನ್ನ ಬೈಕಿಗೆ ಬರೋಣ. ಅರ್ತ್ ತಂತಿಯ ಇಂಜಿನಿನ ಕಡೆಯ ಬೋಲ್ಟು ಕೆಸರಿನಡಿಯಲ್ಲಿ ಹುಗಿದಿತ್ತು. ಮಣ್ಣು ಕೆರೆದು ಬಿಚ್ಚಿದಾಗ ತಂತಿಯ ತುದಿಯ ತಾಮ್ರದ ಬಳೆಯ ಸುತ್ತ ನೀಲಿ-ಹಸುರು ಹರಳು, ಬೋಲ್ಟಿನಡಿಯಲ್ಲಿ ಕೆಂಪು ತುಕ್ಕು, ಇಂಜಿನಿನ ಅಲ್ಯುಮಿನಿಯಮ್ಮಿನ ಮೇಲೆ ಬಿಳಿ ಹುಡಿ. ಮೇಸ್ತ್ರಿ ನಕ್ಕರು.

“ಮಾಷ್ಟ್ರೇ, ಮೈಲುತುತ್ತಿನ ಚೀಲ ಎಲ್ಲಿ ಇಡುವುದು ನೀವು?”

ಹಿಂದಿನ ಸೀಟಿನಲ್ಲಿ, ಮತ್ತೆಲ್ಲಿ? ಮಳೆಗೆ ನೆನೆದ ಚೀಲದಿಂದ ನೀಲಿ ನೀರು ಇಳಿಯುವುದು ಬ್ಯಾಟರಿ-ಇಂಜಿನುಗಳ ಮೇಲೆಯೇ. ಸುಣ್ಣ ಸಾಲದ ಬೋರ್ಡೋ ದ್ರಾವಣದಲ್ಲಿ ಉಜ್ಜಿದ ಪೀಶಕತ್ತಿ ಅದ್ದಿದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಕಬ್ಬಿಣ ಕರಗಿ ತಾಮ್ರ ಕೂರುವ ಆ ಪರೀಕ್ಷೆಯನ್ನು ಮದ್ದು ಬೆರೆಸುವಾಗ ತಪ್ಪದೆ ಮಾಡುತ್ತೇವೆ. ಅದೇ ಪರೀಕ್ಷೆ ಬೈಕಿನ ಬೋಲ್ಟಿನ ಮೇಲೆ ವರ್ಷಕ್ಕೆರಡು ಸಲ ನಡೆಯುತ್ತಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

ರಿಪೇರಿ ಎಂದರೆ ಇಷ್ಟೇ. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆವು. ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಈ ಕ್ರಮ ತಪ್ಪಿ ಪ್ಲಸ್ಸನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರು ಬೈಕಿನ ಚೌಕಟ್ಟಿಗೆ ತಗಲಿದ ಕೂಡಲೆ ಕಿಡಿ ಹಾರಿ ಕೈ ಸುಡುತ್ತದೆ. ಬಳೆ, ಬೋಲ್ಟು, ಇಂಜಿನಿನ ಮೈ ಮೂರನ್ನೂ ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿದೆವು. ಬಣ್ಣ ಬಳಿದ ಜಾಗವಿದ್ದರೆ ಬಣ್ಣವನ್ನೂ ಕೆರೆಯಬೇಕು. ಬಣ್ಣದ ಮೇಲೆ ಬಿಗಿದ ಬೋಲ್ಟು ಎಷ್ಟು ಗಟ್ಟಿಯಿದ್ದರೂ ಪ್ರವಾಹಕ್ಕೆ ದಾರಿಯಿಲ್ಲ. ಬಳೆಯೊಳಗೆ ಸಿಕ್ಕಿಸಿದ ತಂತಿಯ ಎಳೆಗಳು ಕಪ್ಪಾಗಿ ತುಂಡಾಗಿದ್ದರೆ ಹೊಸ ಬಳೆ ಒತ್ತಿಸಬೇಕು. ಒಣಗಿಸಿ, ಗಟ್ಟಿಯಾಗಿ ಬಿಗಿದು, ಆ ಮೇಲೆ ಹೊರಗಿನಿಂದ ವ್ಯಾಸಲೀನು ಸವರಿದೆವು. ಬ್ಯಾಟರಿಯ ಕಂಬಕ್ಕೆ ಬಿಳಿ ಬೂಷ್ಟು ಹಿಡಿದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದರೆ ಹೋಗುತ್ತದೆ. ಕೂಡಿಸಿ ಅಳೆದಾಗ, ಎಂಟು ವೋಲ್ಟು ಇದ್ದಲ್ಲಿ 0.1. ಖರ್ಚು ಒಂದು ಹಾಳೆ ಉಪ್ಪುಕಾಗದ. ಮೇಸ್ತ್ರಿ ಚಹಾ ಕುಡಿದರು, ಹಣ ಮುಟ್ಟಲಿಲ್ಲ.

ಮೋಟಾರೇ ಕೆಟ್ಟಿದ್ದರೂ ಸೆಟ್ಟು ಬದಲಿಸಲು ಅವಸರ ಬೇಡ. ಗುಂಡಿ ಒತ್ತಿ ಹಿಡಿದು, ಮೋಟಾರಿನ ಮೈಗೆ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ಷು ಸವೆದಿದೆ ಯಾ ಸಿಕ್ಕಿಹಾಕಿಕೊಂಡಿದೆಯೆಂದು ತಿಳಿಯಬೇಕು. ಹೆಚ್ಚಿನ ಬೈಕುಗಳಿಗೆ ಬ್ರಷ್ಷು ಬಿಡಿಯಾಗಿ ಸಿಗುತ್ತದೆ. ಪೂರ್ತಿ ಮೋಟಾರಿನ ಮುಂದೆ ಅದರ ಬೆಲೆ ಅಲ್ಪ. ಬಿಚ್ಚುವ ಮುನ್ನ ಮೋಟಾರಿನ ಮುಚ್ಚಳಕ್ಕೂ ಮೈಗೂ ಸೇರಿಸಿ ಒಂದು ಗೆರೆ ಎಳೆದುಕೊಂಡರೆ ಜೋಡಿಸುವಾಗ ತಪ್ಪುವುದಿಲ್ಲ. ದಪ್ಪ ತಂತಿಯ ಹೊರ ನಟ್ಟು ತಿರುಗಿಸುವಾಗ ಒಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ತಿರುಪೇ ತಿರುಚಿ ಒಳಗಿನ ಜೋಡಣೆ ಮುರಿಯುತ್ತದೆ. ತಾಮ್ರದ ಪಟ್ಟಿಗಳ ಉರುಳೆಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಣ ಸಂದಿನ ಕಪ್ಪು ಹುಡಿಯನ್ನು ತೆಗೆದು, ರಬ್ಬರು ಬಳೆ ಹರಿದಿದ್ದರೆ ಹೊಸತು ಹಾಕಬೇಕು. ಆ ಬಳೆಯ ಮೂಲಕವೇ ನೀರು ಒಳಗೆ ಹೋಗುವುದು. ಮದ್ದು ಬಿಡುವ ಪಂಪಿನ ಪಿಚಕಾರಿಯಿಂದ ಬೈಕು ತೊಳೆಯುವವರಿಗೆ ಇದು ಮುಖ್ಯ. ಅರುವತ್ತಡಿ ಮರದ ತುದಿಗೆ ಮದ್ದು ಮುಟ್ಟಿಸುವ ರಭಸ ಅದಕ್ಕುಂಟು. ಅದರ ಎದುರು ಮೋಟಾರಿನ ರಬ್ಬರು ಬಳೆ, ಸ್ವಿಚ್ಚಿನ ಸಂದು ಯಾವ ಲೆಕ್ಕ?

ಹೊಸ ಬೈಕಿನವರು ತಿಳಿದಿರಬೇಕಾದ ಎರಡು ಸಂಗತಿಗಳುಂಟು. 2017ರ ಎಪ್ರಿಲಿನಿಂದೀಚಿನ ಬೈಕುಗಳಲ್ಲಿ ಇಂಜಿನು ಓಡುತ್ತಿರುವಷ್ಟು ಹೊತ್ತೂ ಮುಂದೀಪ ಉರಿಯುತ್ತಲೇ ಇರುತ್ತದೆ, ಆರಿಸಲು ಸ್ವಿಚ್ಚಿಲ್ಲ. 2020ರ ಎಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರು ಹೋಗಿ, ಪೆಟ್ರೋಲನ್ನು ಪಂಪು ಮಾಡಿ ಚಿಮ್ಮಿಸುವ ಏರ್ಪಾಡು ಬಂದಿದೆ. ಆ ಪಂಪಿಗೂ ಅದನ್ನು ಆಳುವ ಪೆಟ್ಟಿಗೆಗೂ ಬ್ಯಾಟರಿ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಳಿಜಾರಿನಲ್ಲಿ ಎಷ್ಟು ಉರುಳಿಸಿದರೂ ಅಂತಹ ಬೈಕು ಹೊತ್ತುವುದಿಲ್ಲ. ಗೇರಿಲ್ಲದ ಸ್ಕೂಟರಿಗಂತೂ ಆ ಉಪಾಯ ಮೊದಲಿನಿಂದಲೇ ಇಲ್ಲ. ಆಪತ್ತಿಗೆ ಕಾರಿನ 12 ವೋಲ್ಟಿನ ಬ್ಯಾಟರಿಯಿಂದ ಜೋಡಿಸಬಹುದು. ಕಾರಿನ ಇಂಜಿನು ಆರಿಸಿ, ಪ್ಲಸ್ಸಿಗೆ ಪ್ಲಸ್ಸು ಮೊದಲು. ಆ ಮೇಲೆ ಕಾರಿನ ಮೈನಸ್ಸಿನಿಂದ ಬೈಕಿನ ಇಂಜಿನಿನ ಮೈಗೆ. ದೊಡ್ಡ ಲಾರಿಗಳದ್ದು 24 ವೋಲ್ಟು, ಅದನ್ನು ಮುಟ್ಟಬೇಡಿ.

ಸೊಸೈಟಿಗೆ ಒಂದು ಮೈಲು ಹೋಗಿ ಬರುವುದರಿಂದ ಬ್ಯಾಟರಿ ಬರಿದಾಗುತ್ತದೆಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಎರಡು ಸೆಕೆಂಡಿನ ಒಂದು ಸ್ಟಾರ್ಟಿಗೆ ಹೋಗುವ ಶಕ್ತಿ ಚಾರ್ಜು ಸರಿಯಿದ್ದರೆ ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ. ಇಂಜಿನನ್ನು ಸ್ವಲ್ಪ ಏರಿಸಿ ಓಡಿಸುವಾಗ ಬ್ಯಾಟರಿಯಲ್ಲಿ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟು ಬಂದರೆ ಚಾರ್ಜು ಸರಿಯೆಂದು ತಿಳಿಯಬಹುದು. ಬ್ಯಾಟರಿಯನ್ನು ಕೊಲ್ಲುವುದು ಹೊತ್ತದ ಇಂಜಿನನ್ನು ಇಪ್ಪತ್ತು ಸಲ ತಿರುಗಿಸುವುದು, ಮತ್ತು ಆಟಿ ತಿಂಗಳಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸುವುದು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಗಡಿನ ಮೇಲೆ ಗಟ್ಟಿ ಪದರ ಕೂತು, ಆ ಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಡಿಯುವುದಿಲ್ಲ. ಕೊಟ್ಟಿಗೆಯಲ್ಲಿ ಇಲಿಗಳು ತಂತಿ ಕಡಿಯುವ ಕಾಟ ಬೇರೆ.

ನಾನೀಗ ಮೈಲುತುತ್ತನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತರುತ್ತೇನೆ. ಮದ್ದು ಬಿಟ್ಟು ಮುಗಿದ ಸಂಜೆ ಬೈಕಿಗೂ ಎರಡು ಕೊಡ ಬರಿ ನೀರು ಎರೆದು, ಮರುದಿನ ಬಿಸಿಲು ಬಂದರೆ ಆ ಬೋಲ್ಟಿಗೆ ವ್ಯಾಸಲೀನು ಹಚ್ಚುತ್ತೇನೆ. ಮೀಟರನ್ನೂ ಒಂದು ಕೊಂಡಿದ್ದೇನೆ. ಕಳೆದ ವಾರ ನೆರೆಮನೆಯವರ ಸ್ಕೂಟರು ನಿಂತಾಗ ಅದನ್ನು ಹಿಡಿದುಕೊಂಡು ಹೋದೆ. ಗುಂಡಿ ಒತ್ತಿದರೆ ಬ್ಯಾಟರಿ ಆರೂವರೆಗೆ ಕುಸಿಯಿತು. ಅವರಿಗೆ ಬ್ಯಾಟರಿಯನ್ನೇ ತರಲು ಹೇಳಬೇಕಾಯಿತು.